ಬರಿ ತಟ್ಟೆಯ ತೂಕ

ಮೊದಲು ಬೋರಯ್ಯನ ಎದೆಯಲ್ಲಿ ಕಂಡಿತು.
ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ
ಇಪ್ಪತ್ತೆರಡು ವರ್ಷ ಕೆಮ್ಮಿದ ಎದೆ;
ಅಲ್ಲೊಂದು ಬಿಳಿ ಚುಕ್ಕಿ ಇದ್ದರೆ
ಯಾರು ತಾನೇ ಬೆಚ್ಚುತ್ತಾರೆ?

ಆಮೇಲೆ ರೆಬೆಕ್ಕಾ ಟೀಚರ್,
ಬಲ ಶ್ವಾಸಕೋಶದ ಕೆಳಗೆ, ಅದೇ ಜಾಗ.
ಆಮೇಲೆ ಪೊಲೀಸ್ ಕೆಲಸ ಸಿಕ್ಕಿ
ಮೈಪರೀಕ್ಷೆಗೆ ಬಂದ ಹೊಳಲಿನ ಹುಡುಗ,
ಆಗಷ್ಟೇ ಕಳಚಿದ ಬೆಲ್ಲದ ಅಚ್ಚಿನಂಥವನು,
ಅವನಿಗೂ ಅದೇ ಎಳ್ಳುಕಾಳು.

ಒಂದೇ ನಾಲೆಯ ನೀರು ಕುಡಿದರೂ
ಮೂರು ಮೈಗೆ ಒಂದೇ ರೋಗ
ಒಂದೇ ಬೆರಳಿಟ್ಟ ಕಡೆ ಬರುವುದಿಲ್ಲ.
ಬಾಗಿಲಿಗೆ ‘ಅರ್ಧ ಗಂಟೆ ಕಾಯಿರಿ’ ಎಂದು ಬರೆದು ಅಂಟಿಸಿದೆ.
ಬೆಂಚಿನವರು ಬೈದದ್ದು
ಗುತ್ತಲು ರಸ್ತೆಗೂ ಕೇಳಿಸಿರಬೇಕು.

ಮೊದಲ ಚಿತ್ರ, ಕಿರಣವೇ ಇಲ್ಲದ್ದು:
ಕತ್ತಲಲ್ಲಿ, ಯಾರೂ ಏನೂ ಕೇಳದಿದ್ದಾಗ
ಹಲಗೆ ತನ್ನಷ್ಟಕ್ಕೆ ಏನು ಗೊಣಗುತ್ತದೆ ಎಂದು.
ಎರಡನೆಯದು, ಕಿರಣ ಉಂಟು, ಮನುಷ್ಯರಿಲ್ಲ:
ಒರೆಸಿದ ಸ್ಲೇಟಿನಂತೆ
ಅಂಚಿನಿಂದ ಅಂಚಿಗೆ ಒಂದೇ ಬೂದು ಬರಬೇಕು.

ನನ್ನಪ್ಪ ಬೆಲ್ಲದ ಮಂಡಿಯಲ್ಲಿ ತೂಕದವನು.
ಪ್ರತಿ ಗಾಡಿಗೂ ಮೊದಲು
ಬರಿ ತಟ್ಟೆ ಎತ್ತಿ, ಕಣ್ಣು ಕಿರಿದು ಮಾಡಿ ಮುಳ್ಳು ನೋಡೋನು.
ವ್ಯಾಪಾರಿಗಳು ‘ಬೇಗ ಬೇಗ’ ಅನ್ನೋರು.
‘ತಟ್ಟೆಗೆ ಅಂಟಿದ ಪಾಕವೂ ತೂಗ್ತದೆ ಕಣವ್ವ,
ಅದು ಯಾರ ಲೆಕ್ಕಕ್ಕೂ ಹೋಗಬಾರದು.’

ಚುಕ್ಕಿ ಅಲ್ಲೇ ಇತ್ತು.
ಯಾರೂ ನಿಲ್ಲದ ಜಾಗದಲ್ಲಿ,
ಯಾರದೂ ಅಲ್ಲದ ಎದೆಯಲ್ಲಿ, ಬೆಳ್ಳಗೆ.

ಮೈಸೂರಿನ ಮುನೀರನಿಗೆ ಫೋನು ಮಾಡಿದೆ.
‘ಒಂದು ಗುಂಪು ಕಣ ಒಟ್ಟಿಗೆ ಸತ್ತಿವೆ ಮೇಡಂ.
ಕೆಟ್ಟವುಗಳ ಪಟ್ಟಿಗೆ ಹಾಕಿ.
ಸುತ್ತ ಬದುಕಿರೋರು ಹೇಳಿದ್ದನ್ನ
ಕೂಡಿ ಭಾಗಿಸಿ
ಸತ್ತವರ ಬಾಯಿಗೆ ಇಡ್ತದೆ ಮಿಷನ್ನು.
ಸದ್ಯಕ್ಕೆ. ಹೊಸ ಹಲಗೆ ಬರೋಕೆ ಹತ್ತು ದಿನ.’

ಹಾಕಿದೆ. ಗುಂಡಿ ಒತ್ತಿದೆ.
ಮೂವರ ಎದೆಯೂ ಒಮ್ಮೆಲೇ ವಾಸಿಯಾಯಿತು.
ನನಗೆ ಅದೇ ಹಿಡಿಸಲಿಲ್ಲ.

ನೆರೆಹೊರೆಯವರ ಸಾಕ್ಷಿ ಸುಳ್ಳಲ್ಲ, ಒಪ್ಪುತ್ತೇನೆ.
ಬಾಗಿಲು ತೆರೆಯದ ಮನೆಯ ಬಗ್ಗೆ
ಅಕ್ಕಪಕ್ಕದವರು ಹೇಳುವುದು ಬಹುಪಾಲು ನಿಜವೇ.
ಆದರೆ ಆ ಮನೆಯೊಳಗೆ ಮಾತ್ರ
ಏನೋ ಸಣ್ಣದು ನಡೆದಿದ್ದರೆ?
ನುಣುಪಾಗಿ ಹಚ್ಚಿದ ಸುಣ್ಣದ ಕೆಳಗೆ
ಬಿರುಕು ಇಲ್ಲವೆಂದು ಸುಣ್ಣ ಹೇಳುವುದೇ?

ಎಲ್ಲರನ್ನೂ ಮತ್ತೆ ನಿಲ್ಲಿಸಲಾಗದು.
ಕಿರಣ ಪುಕ್ಕಟೆಯಲ್ಲ, ಮೈ ಲೆಕ್ಕ ಇಡುತ್ತದೆ.
ಡಾಕ್ಟರನ್ನು ಕೇಳಿದೆ.
‘ಕೆಮ್ಮುವವನನ್ನು ಮಾತ್ರ ಕರೆ’ ಎಂದರು.

ಬೋರಯ್ಯ ಕ್ಯಾಂಟೀನಿನಿಂದ ಬಂದ,
ಮೀಸೆಯಲ್ಲಿ ಟೀ.
‘ಆ ಚುಕ್ಕಿ ನಂದಾ ಮೇಡಂ, ನಿಮ್ದಾ?’
ಹದಿನಾಲ್ಕು ವರ್ಷದ ಕೆಲಸದಲ್ಲಿ
ಇಷ್ಟು ಸರಿಯಾದ ಪ್ರಶ್ನೆ ಯಾರೂ ಕೇಳಿರಲಿಲ್ಲ.
‘ನಮ್ದು. ಆದ್ರೆ ಅದರ ಹಿಂದೆ
ನಿಮ್ದೇನಾದ್ರೂ ಕೂತಿದ್ಯಾ ನೋಡ್ಬೇಕು.
ನಾಲ್ಕು ಬೆರಳು ಈಚೆಗೆ ಬನ್ನಿ.
ಉಸ್ರು ಎಳ್ಕೊಳ್ಳಿ. ಹಿಡ್ಕೊಳ್ಳಿ.’

ತಿದ್ದುವ ಗುಂಡಿ ಆರಿಸಿ ನೋಡಿದೆ.
ಚುಕ್ಕಿ ಜರುಗಿತ್ತು,
ನಾಲ್ಕೇ ಬೆರಳು,
ಪಕ್ಕೆಲುಬಿನ ಮೇಲೆ ದಾರಿ ತಪ್ಪಿದವರಂತೆ ನಿಂತಿತ್ತು.
ಮೊದಲು ಅದು ಕೂತಿದ್ದ ಕಡೆ
ಮಸುಕಾಗಿ, ಚುಕ್ಕಿಯೂ ಅಲ್ಲ, ಗೆರೆಯೂ ಅಲ್ಲ,
ಏನೋ ಒಂದು
ಬೋರಯ್ಯನ ಜೊತೆಗೇ ಈಚೆಗೆ ಬಂದಿತ್ತು.

ಚೀಟಿಯಲ್ಲಿ ಇಷ್ಟೇ ಬರೆದೆ:
ಬಿಳಿ ಚುಕ್ಕಿ ಹಲಗೆಯದು.
ಉಳಿದದ್ದನ್ನು ಡಾಕ್ಟರು ಇವತ್ತೇ ನೋಡಬೇಕು.
‘ಇವತ್ತೇ’ ಕೆಳಗೆ ಗೆರೆ ಎಳೆದೆ, ಎರಡು ಸಲ.

ತೆರೆಯ ಆಚೆ ಅವನು ಅಂಗಿ ತೊಡುತ್ತಿದ್ದ.
ಕಡೆಯ ಗುಂಡಿಗೆ ಕಾಜ ಉಳಿಯಲಿಲ್ಲ;
ಮೊದಲನೆಯದೇ ತಪ್ಪಿತ್ತು.
‘ಥೂ ಇದರ’ ಎಂದು ನಕ್ಕು,
ಎಲ್ಲ ಬಿಚ್ಚಿ,
ಮತ್ತೆ ಮೇಲಿನಿಂದ ಶುರು ಮಾಡಿದ.