ತೊರೆ

ಹನ್ನೊಂದು ತಿಂಗಳು, ಒಂಬತ್ತು ದಿನ.
ಡೋವಿಲೆ ಲಾಂಡ್ರಿ ಸೇರಿ ಅಷ್ಟಾಗಿತ್ತು.
ರಜೆಗೆ ಹನ್ನೆರಡು ತುಂಬಬೇಕು,
ಅದೂ ಸಂಬಳವಿಲ್ಲದ ರಜೆಗೆ.
'ಮಗು ಒಂಬತ್ತಕ್ಕೇ ಬಂದುಬಿಡುತ್ತಲ್ಲ,' ಅಂದಳು.
ಮೇಲ್ವಿಚಾರಕ ನಕ್ಕ. ಕೆಟ್ಟವನೇನಲ್ಲ.
ಕಾಗದ ತಿರುಗಿಸಿ ತೋರಿಸಿದ:
'ಓದು, ನಾನು ಬರೆದದ್ದಲ್ಲ.'

ಹೆತ್ತ ಹದಿಮೂರನೆಯ ದಿನ
ಹಸಿ ಬಾಣಂತಿ ಮತ್ತೆ ಯಂತ್ರದ ಮುಂದೆ.
ರೋಕಾಸ್ ಕೆಳಮನೆಯ ಮುದುಕಿಯ ಬಳಿ.
ಬಿಟ್ಟು ಬಂದದ್ದು, ತೊರೆದು ಬಂದದ್ದಲ್ಲ
ಎಂದು ಬಸ್ಸಿನಲ್ಲಿ ತನಗೇ ಹೇಳಿಕೊಂಡಳು.
ಕ್ಲೀವ್‌ಲೆಂಡಿನ ಮೂರು ಆಸ್ಪತ್ರೆಗಳ ಹಾಸುಬಟ್ಟೆ
ಇಲ್ಲಿಗೇ ಬರುತ್ತದೆ, ಬಿಳಿ ಚೀಲಗಳಲ್ಲಿ.
ಯಾವ ವಾರ್ಡಿನದೆಂದು ಬರೆದಿರುವುದಿಲ್ಲ.
ಹೆತ್ತವಳಿಗೆ ಕಲೆ ನೋಡಿದರೆ ಸಾಕು:
ಯಾರೋ ಒಬ್ಬಳು ನಿನ್ನೆ
ಇದರ ಮೇಲೆ ಇಬ್ಬರಾದಳು.
ಬಿಸಿನೀರಿಗೆ ಹಾಕುತ್ತಾಳೆ. ಮುಂದಿನ ಚೀಲ.

ಜೊತೆಗೆ ಮಡಿಸುವ ಎಸಿನಾಮ್ ಘಾನಾದವಳು.
ಚಾದರದ ಆ ತುದಿ ಅವಳದು, ಈ ತುದಿ ಇವಳದು,
ಹತ್ತಿರ ಬಂದಾಗಲಷ್ಟೇ ಮಾತು:
'ನಮ್ಮಕ್ಕ ಅಲ್ಲಿ ಟೀಚರು. ಹೆತ್ತಾಗ ಹನ್ನೆರಡು ವಾರ...'
ದೂರ ಸರಿದರು, ಮತ್ತೆ ಬಂದರು.
'...ಪೂರ್ತಿ ಸಂಬಳ.'
'ಭಾವನಿಗೆ?'
'ಭಾವನಿಗೆ ಎಂಟನೆಯ ದಿನ ಹೆಸರಿಡುವ ಊಟ.
ಒಂಬತ್ತನೆಯ ದಿನ ಲಾರಿ.'
ಚಾದರ ಚೌಕವಾಯಿತು.

ಹತ್ತು ಗಂಟೆಗೆ ಹದಿನೈದು ನಿಮಿಷ.
ಸೋಪಿನ ಡ್ರಮ್ಮುಗಳ ಕೋಣೆ, ಒಳಗಿಂದ ಚಿಲಕ,
ಒಂದು ಸ್ಟೂಲು, ಒಂದು ಪಂಪು.
ಕೊರ್ ಕೊರ್ ಎಂದು ಬರೀ ಗಾಳಿ ಎಳೆಯುತ್ತದೆ.
ಎದೆ ಕಲ್ಲು. ಬಾಟಲಿಯ ತಳದಲ್ಲಿ
ಒಂದು ಚಮಚದಷ್ಟು ಮಂಜು.
ಮಗುವಿನ ಫೋಟೋ ನೋಡಿದರೆ ಬರುತ್ತದಂತೆ.
ನೋಡಿದಳು. ಫೋಟೋದಲ್ಲಿ ರೋಕಾಸ್ ನಿದ್ದೆಯಲ್ಲಿದ್ದಾನೆ,
ಅವನಿಗೇನೂ ಬೇಕಾಗಿಲ್ಲ.

ಅಷ್ಟರಲ್ಲಿ ತಮ್ಮನ ಫೋನು, ಕ್ಲೈಪೆಡಾದಿಂದ.
ಅಲ್ಲಿ ಸಂಜೆ ಐದು.
ಬಂದರಿನ ಕ್ರೇನು ಹತ್ತುವ ಐಮಂತಾಸ್
ತಿಂಗಳಿಂದ ನೆಲದ ಮೇಲಿದ್ದಾನೆ:
ಹೆಗಲ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಗಂಜಿ.
ಮೊದಲು ಹೆಂಡತಿಯ ರಜೆ, ಈಗ ಇವನ ಪಾಲು,
ಇವನು ಮುಟ್ಟದಿದ್ದರೆ ಹಾಗೇ ಸತ್ತುಹೋಗುವ ಪಾಲು.
'ಬೇಜಾರು ಕಣೇ ಅಕ್ಕ,' ಅನ್ನುತ್ತಾನೆ,
'ದಿನವೆಲ್ಲ ಗಡಿಯಾರವನ್ನೇ ನೋಡುತ್ತೇನೆ.'
ಅವಳೂ ನೋಡುತ್ತಿದ್ದಾಳೆ. ಇನ್ನು ಹನ್ನೊಂದು ನಿಮಿಷ.

ಅವನಿಗೆ ತಡವಾಗಿ ಹೊಳೆಯಿತು.
ಮಾತು ಬದಲಿಸಿದ. ಬಂದರಿಗೆ ಬಂದ ಹಡಗೊಂದರಲ್ಲಿ
ಅಡುಗೆಯವನಿದ್ದನಂತೆ, ಫಿಲಿಪೀನ್ಸಿನವನು.
ಅಪ್ಪನಾದವನಿಗೆ ಅವನ ದೇಶ ಏಳು ದಿನ ಕೊಡುತ್ತದೆ,
ಏಳು ದಿನಕ್ಕೆ ಅವನ ಹಡಗು
ಸೂಯೆಜ್ ಕೂಡ ಕಂಡಿರುವುದಿಲ್ಲ.
ಹಲ್ಲು ಬಂದ ಮೇಲೆ ಮಗನನ್ನು ಮೊದಲು ಕಂಡನಂತೆ,
ಇವನನ್ನು ಕಂಡು ಮಗ ಅತ್ತನಂತೆ.

ಅತ್ತನಂತೆ ಎನ್ನುವಾಗಲೇ ಅಲ್ಲಿ ಉಗ್ನೆ ಅತ್ತಳು.
ಹಸಿವಿನ ಅಳು, ಗಂಟಲ ತಳದಿಂದ.
'ತಡಿ, ಆಮೇಲೆ ಮಾಡ್ತೀನಿ.'
'ಬೇಡ, ಫೋನ್ ಇಡಬೇಡ.
ಅವಳನ್ನು ಎತ್ತಿಕೊಳ್ಳಬೇಡ. ಒಂದೇ ನಿಮಿಷ.'

ಐಮಂತಾಸನಿಗೆ ಅರ್ಥವಾಗಲಿಲ್ಲ.
ಚಾಚಿದ ಕೈ ಹಾಗೇ ನಿಂತಿತು.
ಸೋಪಿನ ವಾಸನೆಯ ಕತ್ತಲಲ್ಲಿ
ಕಡಲಾಚೆಯ ಹಸಿವೊಂದಕ್ಕೆ
ಡೋವಿಲೆಯ ಎದೆ ಚುರುಗುಟ್ಟಿತು, ಜುಮ್ಮೆಂದಿತು,
ತೊರೆ ಬಿಟ್ಟಿತು.

ಎರಡೂ ಬಾಟಲಿ, ಕತ್ತಿನವರೆಗೆ.
'ಈಗ ಎತ್ತಿಕೋ,' ಅಂದಳು.
ಅಲ್ಲಿ ಅಳು ನಿಂತಿತು.
ಇಲ್ಲಿ ನಿಲ್ಲಲಿಲ್ಲ; ಅಂಗಿ ನೆನೆಯಿತು.

ಮುಚ್ಚಳದ ಮೇಲೆ ತಾರೀಖು ಬರೆದಳು,
ಗಂಟೆ ಬರೆದಳು, ರೋಕಾಸ್ ಎಂದು ಬರೆದಳು,
ಎಲ್ಲರ ಊಟದ ಡಬ್ಬಿಗಳ ನಡುವೆ
ಫ್ರಿಜ್ಜಿನಲ್ಲಿಟ್ಟಳು.
ಎಸಿನಾಮ್ ಚಾದರದ ತುದಿ ಹಿಡಿದು ಕಾಯುತ್ತಿದ್ದಳು.
ನಾಲ್ಕು ನಿಮಿಷ ತಡ.
ಮೇಲ್ವಿಚಾರಕ ಬರೆದುಕೊಂಡ.
ಕೆಟ್ಟವನೇನಲ್ಲ. ಪೆನ್ಸಿಲಿನಲ್ಲಿ.