ಅರವತ್ತು, ಐವತ್ತೈದು

ಗೋಣಿಕೊಪ್ಪದಲ್ಲಿ ಮೊಯ್ದು ಕಾಕನ ಸ್ಪೇರ್‌ಪಾರ್ಟ್ಸ್ ಅಂಗಡಿ.
ಫ್ಯಾನ್ ಬೆಲ್ಟುಗಳು ಮೊಳೆಗೆ ನೇತುಬಿದ್ದು
ಬಾಗಿಲಲ್ಲೇ ತಲೆಗೆ ತಾಗುತ್ತವೆ.
ನಾನು ಕೇಳಿದ್ದು ಇಷ್ಟೇ:
ಜೀಪಿಗೆ ಕಣ್ಣು ಮಬ್ಬಾಗಿದೆ ಕಾಕ,
ಜಾಸ್ತಿ ಬೆಳಕಿನದು ಎಂತ ಉಂಟು?

ಗಾಜಿನ ಮೇಲೆ ಮೂರು ಡಬ್ಬಿ ಇಟ್ಟರು.
ಒಂದು ಈಗ ಇರುವುದೇ, ಅರವತ್ತು–ಐವತ್ತೈದು.
ಅದನ್ನು ನಾನು ಮುಟ್ಟಲೂ ಇಲ್ಲ.
ಇನ್ನೊಂದು ನೂರು–ತೊಂಬತ್ತು.
"ನಿನ್ನ ವೈರು ಎಂಬತ್ತೊಂಬತ್ತನೇ ಇಸವಿಯದ್ದು.
ರಿಲೇ ಇಲ್ಲದೆ ಇದನ್ನು ಹಾಕಿದರೆ
ಮೊದಲು ಬೆಳಗುವುದು ಸ್ವಿಚ್ಚು."
ಮೂರನೆಯದು ಎಲ್‌ಇಡಿ, ಬೆನ್ನಿಗೊಂದು ಪುಟ್ಟ ಫ್ಯಾನು,
ಡಬ್ಬಿಯ ಮೇಲೆ ಸಿಡಿಲು, ಸಿಡಿಲಿನೊಳಗೆ ಹುಲಿ.
ಬೆಲೆಯನ್ನು ಮನಸ್ಸಿನಲ್ಲೇ ಬನ್ನಿನಿಂದ ಭಾಗಿಸಿದೆ.
ನಾನೂರು ಬನ್ನು.
ಹುಲಿಯನ್ನೇ ಕೊಂಡೆ.

ಬೆಳಗಿನ ಜಾವ ನಾಲ್ಕು. ಹಿಂದೆ ಬಿಸಿ ಬ್ರೆಡ್ಡಿನ ಟ್ರೇ.
ಪೊನ್ನಂಪೇಟೆಯವರೆಗೆ ನಾನೇ ರಾಜ.
ರಸ್ತೆ ಬದಿಯ ಬೋರ್ಡು, ಬೇಲಿಯ ತಂತಿ,
ಮಲಗಿದ್ದ ನಾಯಿಯ ಮೀಸೆ ಕೂಡ ಕಂಡಿತು.
ಹುದಿಕೇರಿ ದಾಟಿದ್ದೇ ಮಂಜು.
ಬೆಳಕು ಹೋಗಿ ಅದಕ್ಕೆ ಡಿಕ್ಕಿ ಹೊಡೆದು
ತಿರುಗಿ ನನ್ನ ಮುಖಕ್ಕೇ ಬಂತು,
ಆಗಷ್ಟೇ ಸುಣ್ಣ ಬಳಿದ ಗೋಡೆ
ಗಾಡಿಯ ಮುಂದೆ ಮುಂದೆ ಓಡುತ್ತಿರುವ ಹಾಗೆ.
ಬೆಳಕು ಚೆನ್ನಾಗಿ ಕಾಣುತ್ತಿತ್ತು.
ದಾರಿ ಕಾಣುತ್ತಿರಲಿಲ್ಲ.

ಮೋರಿಯ ಹತ್ತಿರ ದಿನಾ ನಿಲ್ಲುವ ಮುತ್ತಿ ಇಲ್ಲ.
ಲೈನುಮನೆಯ ಮಕ್ಕಳಿಗೆ ಇಪ್ಪತ್ತು ಬನ್ನು ಅವಳ ವ್ಯಾಪಾರ.
ಬ್ರೇಕು ಒತ್ತಿ ಇಳಿದು ನೋಡಿದರೆ
ಚರಂಡಿಯಲ್ಲಿ, ಮೊಣಕಾಲು ಕೆಸರಲ್ಲಿ,
ಮೊಳಕೈ ಕಣ್ಣಿಗೆ ಅಡ್ಡ ಹಿಡಿದು ನಿಂತಿದ್ದಾಳೆ.
"ನಿಮ್ಮದು ಅಂತ ಗೊತ್ತಾಗಲಿಲ್ಲ ಅಣ್ಣ.
ನಿಮ್ಮ ಗಾಡಿ ಒಂದು ಕಣ್ಣು ಕೆಳಗೆ ಹಾಕಿ ಬರುತ್ತಿತ್ತಲ್ಲ?
ಇದು ಫಾರೆಸ್ಟಿನವರದ್ದು ಅಂತ ಇಳಿದುಬಿಟ್ಟೆ."

ಮಧ್ಯಾಹ್ನ ಲಿಗೋರಿಯ ಗ್ಯಾರೇಜು.
ರಿಂಗು ಬಿಚ್ಚಿ ದೀಪದ ಬಟ್ಟಲು ಕವುಚಿದ.
ಎರಡು ಚಮಚ ನೀರು, ಒಂದು ಒಣಗಿದ ಪತಂಗ,
ಕಲಾಯಿ ಹೋದ ಪಾತ್ರೆಯಂಥ ಒಳಮೈ.
"ಬಲ್ಬಿನ ಮೇಲೆ ಯಾಕೆ ಸಿಟ್ಟು?
ಬ್ಯಾಟರಿಯಿಂದ ಹನ್ನೆರಡು ವೋಲ್ಟು ಹೊರಡುತ್ತದೆ,
ಇಲ್ಲಿಗೆ ಬರುವಾಗ ಹತ್ತು.
ನಡುವೆ ತಿಂದವರು ಯಾರು, ಅದನ್ನು ಕೇಳು."
ದಪ್ಪ ವೈರು ಎಳೆದ, ರಿಲೇ ಕೂರಿಸಿದ,
ಹೊಸ ರಿಫ್ಲೆಕ್ಟರಿಗೆ ಬೆರಳು ತಾಗದ ಹಾಗೆ
ಬನಿಯನ್ ಬಟ್ಟೆಯಲ್ಲಿ ಹಿಡಿದು ಇಟ್ಟ ಬಲ್ಬು
ಅದೇ, ನಾನು ಮುಟ್ಟದೆ ಬಂದದ್ದು.

ಸಂಜೆ ಬೇಕರಿಯ ಹಿಂದಿನ ಗೋಡೆಗೆ ಮುಖ ಮಾಡಿ
ಇಪ್ಪತ್ತೈದು ಅಡಿ ಅಳೆದು ಜೀಪು ನಿಲ್ಲಿಸಿದೆವು.
ಟ್ರೇ ಎಲ್ಲ ತುಂಬಿಸಿಯೇ. ಖಾಲಿ ಗಾಡಿಯ ಲೆಕ್ಕ
ಹೊರೆ ಹೊತ್ತಾಗ ಸುಳ್ಳಾಗುತ್ತದಂತೆ.
ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದ ಲಿಗೋರಿ.
"ಎದುರು ನಡೆದು ಬರುವವರ ಸೊಂಟ ಇದು.
ಡಿಮ್ಮು ಇದರ ಮೇಲೆ ಹತ್ತಬಾರದು."
ಸ್ಕ್ರೂ ತಿರುಗಿಸಿದ ಹಾಗೆಲ್ಲ ಹಳದಿ ವೃತ್ತ
ಶಾಲೆಗೆ ಹೊಸತಾಗಿ ಸೇರಿದ ಮಗುವಿನ ಹಾಗೆ
ಅತ್ತಿತ್ತ ಸರಿದು ಗೆರೆಯ ಕೆಳಗೆ ಕೂತಿತು.
ಎಡದ್ದನ್ನು ಇನ್ನೊಂದು ಸುತ್ತು ಇಳಿಸು ಅಂದೆ.
"ಸೊಟ್ಟ ಆಗುತ್ತದೆ."
ಆಗಲಿ. ಗಿರಾಕಿ ಇದ್ದಾರೆ.

ಹುಲಿಯನ್ನು ಕಾಕ ವಾಪಸು ತೆಗೆದುಕೊಳ್ಳಲಿಲ್ಲ,
ಅಂಗಡಿಯಲ್ಲಿ ಅದಕ್ಕೊಂದು ಬೋರ್ಡೇ ಉಂಟು.
ಈಗ ಅದು ಹಳೆ ಬ್ಯಾಟರಿ ಕಚ್ಚಿಕೊಂಡು
ಕರೆಂಟು ಹೋದ ರಾತ್ರಿಗಳಲ್ಲಿ
ಮೈದಾ ನಾದುವ ಹುಡುಗರ ನೆತ್ತಿಯ ಮೇಲೆ ಉರಿಯುತ್ತದೆ.
ಅಲ್ಲಿ ಮಂಜಿಲ್ಲ, ಹಿಟ್ಟಿನ ಧೂಳು ಮಾತ್ರ.

ಮರುದಿನ ಹುದಿಕೇರಿಯ ಆಚೆ
ಹದಿನೈದು ಮಾರು ರಸ್ತೆ ಕೊಟ್ಟಿತು ಮಂಜು. ಸಾಕು.
ನಾನು ಅವಳನ್ನು ಕಾಣುವ ಮೊದಲೇ
ಮುತ್ತಿ ಕೈ ಚಾಚಿ ರಸ್ತೆಯ ಅಂಚಿಗೆ ಬಂದಿದ್ದಳು.
ಪೊಟ್ಟಣವನ್ನು ಹೆಡ್‌ಲೈಟಿನ ಮುಂದೆ ಹಿಡಿದು
ಒಂದೊಂದೇ ಎಣಿಸಿದಳು, ನಿಧಾನವಾಗಿ.
"ಹತ್ತೊಂಬತ್ತೇ ಉಂಟು" ಅಂದಳು.