ಲೆಕ್ಕಕ್ಕಿಲ್ಲದ ಐದು ಮೆಟ್ಟಿಲು

ನಮ್ಮ ಗುಡ್ಡಕ್ಕೆ ಮೆಟ್ಟಿಲು ನೂರ ಅರವತ್ತಮೂರು.
ಬೇಕಾದರೆ ರೊಸಮೆಲ್‌ನನ್ನು ಕೇಳಿ,
ನಲವತ್ತು ವರ್ಷ ಗ್ಯಾಸ್ ಸಿಲಿಂಡರ್ ಹೊತ್ತವನು,
ಅವನ ಮೊಣಕಾಲಿಗೆ ಒಂದೊಂದರ ಗುಣವೂ ಗೊತ್ತು.
ವಾಲ್ಪರೈಸೊ ಪುರಸಭೆಯ ನಕಾಶೆಯಲ್ಲಿ ಮಾತ್ರ
ನೂರ ಐವತ್ತೆಂಟು.

ಇದು ಬೆಳಕಿಗೆ ಬಂದದ್ದು ಕೈಕಂಬಿಗೆ ಅರ್ಜಿ ಕೊಟ್ಟಾಗ.
ಚಳಿಗಾಲ ಬಂತೆಂದರೆ ಸಮುದ್ರದ ಮಂಜು
ಬಾಡಿಗೆದಾರನ ಹಾಗೆ ಮೇಲೇರಿ ಬರುತ್ತದೆ,
ಮೆಟ್ಟಿಲೆಲ್ಲ ಸಾಬೂನು.
ಜೂನ್‌ನಲ್ಲಿ ಎರ್ನೆಸ್ತೀನಾ ಬಿದ್ದಳು, ಸೊಂಟ ಮುರಿಯಿತು;
ಅವಳ ಚೀಲದ ನಿಂಬೆಹಣ್ಣು ಬಂದರಿನವರೆಗೆ ಉರುಳಿದವೆಂದು
ಮಕ್ಕಳು ಇವತ್ತಿಗೂ ಹೇಳುತ್ತವೆ.
ಸುಳ್ಳು. ನನ್ನ ಬೇಕರಿಯ ಬಾಗಿಲಲ್ಲೇ ನಿಂತವು.
ನಾನೇ ಹೆಕ್ಕಿದ್ದು, ಒಂಬತ್ತು.

ಕೇರಿಯ ಸಂಘಕ್ಕೆ ನಾನು ಕಾರ್ಯದರ್ಶಿ,
ಬೇರೆ ಯಾರೂ ಒಪ್ಪಲಿಲ್ಲವಾಗಿ.
ಅರ್ಜಿ ಬರೆದೆ. ಹೋಯಿತು, ಮರಳಿತು,
ಹೋಯಿತು, ಮರಳಿತು.
ಮೂರನೆಯ ಸಲ ಕಾಗದದ ಬದಲು ಮನುಷ್ಯರೇ ಬಂದರು:
ಇಸ್ಮೇನಿಯಾ ಕಾರ್ಕಮೊ, ಕಾಮಗಾರಿ ವಿಭಾಗ,
ಕೈಯಲ್ಲಿ ಅಳತೆಪಟ್ಟಿ, ಕಾಲಲ್ಲಿ
ಸಪಾಟು ನೆಲದವರು ಹಾಕುವ ಬೂಟು.

ಸಾಲಾಗಿ ನಿಂತಿದ್ದೆವು ನಾವು
ಹನ್ನೊಂದು ವರ್ಷದ ಜಗಳ ಬಾಯಲ್ಲಿ ತುಂಬಿಕೊಂಡು.
ಆಕೆ ಏನೂ ಹೇಳದೆ ಎಣಿಸತೊಡಗಿದಳು.
ಎಣಿಸುತ್ತ ಹತ್ತುವವರನ್ನು ಬೈಯುವುದು ಹೇಗೆ?
ಲೆಕ್ಕ ತಪ್ಪೀತೆಂದು ಮೆಲ್ಲಗೆ ಹಿಂದೆ ಹತ್ತಿದೆವು,
ಮೂವತ್ತರಲ್ಲಿ ಒಂದು ನಾಯಿ ಸೇರಿತು,
ಎಪ್ಪತ್ತರಲ್ಲಿ ಆಕೆಗೆ ಏದುಸಿರು, ಯಾರೋ ನೀರು ಕೊಟ್ಟರು,
ಎಪ್ಪತ್ತೋ ಎಪ್ಪತ್ತೊಂದೋ ಎಂದು ವಾದ ಹತ್ತಿ
ಎಲ್ಲರೂ ಕೆಳಗಿಳಿದು
ಮತ್ತೆ ಮೊದಲಿನಿಂದ, ಒಂದು.

ನೀಲಿ ತಗಡಿನ ಮನೆಯ ಹತ್ತಿರ ನಿಂತಳು.
"ನೂರ ಐವತ್ತೆಂಟು. ಇಲ್ಲಿಗೆ ನಮ್ಮದು ಮುಗಿಯಿತು."
ಮುಂದೆ ಇನ್ನೂ ಐದು,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನಾವು ಒಬ್ಬೊಬ್ಬರು ಒಂದೊಂದು ದಿಕ್ಕು ನೋಡಿದೆವು.
ಆ ಐದನ್ನು ಕಟ್ಟಿದ್ದು ಎರ್ನೆಸ್ತೀನಾಳ ಗಂಡ ನಿಬಾಲ್ದೊ,
ಭೂಕಂಪಕ್ಕೆ ಮೇಲಿನ ಹಾದಿ ಜರಿದ ವರ್ಷ,
ಪರವಾನಗಿ ಇಲ್ಲದೆ, ರಾತ್ರಿ, ಲಾಂದ್ರ ಹಿಡಿದು.
ಸಿಮೆಂಟು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.
ಬಂದರಿನ ಗೋಡೆಗೆಂದು ಪುರಸಭೆ ತರಿಸಿದ್ದೂ ಅದೇ ವರ್ಷ.
ಐದನೆಯದು ಉಳಿದವಕ್ಕಿಂತ ಎರಡು ಬೆರಳು ಎತ್ತರ,
ಅದರ ಮೇಲೆ ಬೆಕ್ಕಿನ ನಾಲ್ಕು ಹೆಜ್ಜೆ,
ಹಸಿಯಿದ್ದಾಗ ದಾಟಿದ್ದು.
ಅವಳು ಎಡವಿದ್ದೂ ಅದಕ್ಕೇ.
ಇದನ್ನು ನಾನು ಅರ್ಜಿಯಲ್ಲಿ ಬರೆದಿರಲಿಲ್ಲ.

ಮೇಲೆ ಕಿಟಕಿ ತೆರೆಯಿತು.
"ಕದ್ದದ್ದೇ!" ಎಂದಳು ಎರ್ನೆಸ್ತೀನಾ, ಊರುಗೋಲು ತೋರಿಸಿ,
"ನಾಲ್ಕು ಚೀಲ, ಪುರಸಭೆಯದ್ದೇ. ಬರೆದುಕೊ.
ಸತ್ತವನನ್ನು ಏನು ಮಾಡುತ್ತೀ?"

ಇಸ್ಮೇನಿಯಾ ಐದನೆಯ ಮೆಟ್ಟಿಲ ಮೇಲೆ ಕೂತಳು,
ಕಾಲು ನಡುಗಿತೋ, ಯೋಚನೆಯೋ.
ಬೆಕ್ಕಿನ ಹೆಜ್ಜೆಯೊಂದರಲ್ಲಿ ಬೆರಳಿಟ್ಟು ಕೇಳಿದಳು:
"ಸಿಮೆಂಟು ನಮ್ಮದಾದರೆ
ಮೆಟ್ಟಿಲೂ ನಮ್ಮದೇ ಆಯಿತಲ್ಲ?"
ನಾಯಿಯೂ ಸುಮ್ಮನಿತ್ತು.
ನಕಾಶೆಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ಐದು ಸಣ್ಣ ಗೆರೆ ಎಳೆದಳು.

ಮಾರ್ಚಿಗೆ ಕಂಬಿ ಬಂತು.
ಕಡತದಲ್ಲಿ ಗೆರೆ ಸೇರುವ ಮೊದಲೇ ಗುತ್ತಿಗೆ ಆಗಿತ್ತಂತೆ,
ನೂರ ಐವತ್ತೆಂಟಕ್ಕೇ ನಿಂತಿತು.
ಬೈಯಲು ಹೊರಟವರಿಗೆ ಆಕೆ ಫೋನಿನಲ್ಲೇ ಹೇಳಿದಳು:
ಪೈಪು ನನ್ನದು, ಬೆಸುಗೆ ನಿಮ್ಮದು.
ರೊಸಮೆಲ್ ಬೆಸೆದ. ಸೊಟ್ಟಗಿದೆ.
ಎತ್ತರದ ಮೆಟ್ಟಿಲನ್ನು ಕೆತ್ತಲು ಎರ್ನೆಸ್ತೀನಾ ಬಿಡಲಿಲ್ಲ,
ಬೆಕ್ಕು ಹೋಗುತ್ತದೆಂದಳು.
ಅದರ ಅಂಚಿಗೆ ಹಳದಿ ಬಳಿದೆವು, ಅಷ್ಟೆ.

ಈಗ ಮಂಜಿನಲ್ಲಿ ಕಣ್ಣಿಗೆ ಏನೂ ಕಾಣದು.
ಕೈ ಜಾರಿಸುತ್ತ ಹತ್ತುತ್ತೇನೆ,
ನುಣುಪು, ನುಣುಪು, ನುಣುಪು,
ಇದ್ದಕ್ಕಿದ್ದಂತೆ ಒರಟು.
ಆಗ ಕಾಲು ತಾನಾಗಿ ಐದು ಎಣಿಸುತ್ತದೆ.

ಬೀದಿದೀಪದ ಅರ್ಜಿ ಎರಡು ಸಲ ಮರಳಿದೆ.
ಮೂರನೆಯದನ್ನು ನಿನ್ನೆ ಬರೆದೆ.